ಲಕ್ಷದ ಮೇಲೊಂದು

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೋಣೆ ಮಾವಿನಕಾಯಿಯದು. ಶ್ರೀನಿವಾಸಪುರದಲ್ಲಿ ಆ ವ್ಯಾಪಾರ ಹಿಡಿದವರ ಮನೆಗಳೆಲ್ಲ ಹಾಗೇ. ಬೀದಿಬಾಗಿಲು ದಾಟಿದರೆ ಪಡಸಾಲೆ, ಅದರ ಎಡಕ್ಕೆ ಉದ್ದನೆಯ ಕೋಣೆ, ಎತ್ತರದಲ್ಲೊಂದು ಬೆಳಕಿಂಡಿ, ನೆಲದ ತುಂಬ ಮೊಣಕಾಲುದ್ದ ಹುಲ್ಲು. ಚೈತ್ರ ಕಳೆದು ಕಾಯಿ ಬರಲು ಶುರುವಾದರೆ ಆಷಾಢದವರೆಗೂ ಆ ಹುಲ್ಲಿನೊಳಗೆ ಹಣ್ಣಾಗುತ್ತಿತ್ತು. ನಾವು ಐದು ಜನ ಅಡುಗೆಮನೆ, ಪಡಸಾಲೆ, ಜಗುಲಿ ಎಂದು ಉಳಿದ ಜಾಗದಲ್ಲಿ ಹೊಂದಿಕೊಳ್ಳುತ್ತಿದ್ದೆವು. ಅಪ್ಪ, ಅಮ್ಮ, ನನಗಿಂತ ಆರು ವರ್ಷಕ್ಕೆ ದೊಡ್ಡವನಾದ ಗೋಪಣ್ಣ, ನಾನು, ಮತ್ತೆ ಅಪ್ಪನ ತಾಯಿ. ನಮ್ಮ ಕಡೆ ಅಜ್ಜಿಯನ್ನು ಅವ್ವ ಎಂದೇ ಕರೆಯುವುದು. ಜಾಗ ಸಾಲದೆಂದು ಯಾರೂ ಗೊಣಗಿದ್ದು ನನಗೆ ನೆನಪಿಲ್ಲ. ಮನೆಗೆ ಅನ್ನ ತರುವವರಿಗೆ ಒಳ್ಳೆಯ ಜಾಗ ಬಿಡಬೇಕು. ಈ ಮಾತನ್ನು ನನ್ನ ಸೊಸೆಯಂದಿರಿಗೂ ಹೇಳಿದ್ದೇನೆ. ಅವರು ಅದನ್ನು ಬೇರೆ ಥರ ತೆಗೆದುಕೊಂಡು ಮುಖ ಊದಿಸಿಕೊಂಡದ್ದೂ ಉಂಟು.

ಎಣಿಸುವುದನ್ನು ನಾನು ಶಾಲೆಗಿಂತ ಮೊದಲು ಅಪ್ಪನ ಮಾವಿನಕಾಯಿ ಮಂಡಿಯಲ್ಲಿ ಕಲಿತೆ. ಎರಡು ಕೈಯಲ್ಲಿ ಒಮ್ಮೆಗೆ ಎತ್ತುವ ಐದು ಕಾಯಿಗೆ ಒಂದು ಕೈ ಎಂದು ಲೆಕ್ಕ. ಅಪ್ಪನ ಮಂಡಿಯ ಪದ್ಧತಿ ಏನೆಂದರೆ, ಮೊದಲ ಕೈ ಹಾಕುವಾಗ ‘ಲಾಭ’ ಅನ್ನುವುದು. ಅದು ಕೊಳ್ಳುವವನಿಗೆ ಬಿಟ್ಟದ್ದು, ಲೆಕ್ಕಕ್ಕೆ ಸೇರುವುದಿಲ್ಲ. ಅದಾದ ಮೇಲೆ ಒಂದು, ಎರಡು, ಮೂರು. ಹತ್ತು ಅಂದ ಹೊತ್ತಿಗೆ ರಾಶಿಯಲ್ಲಿ ಹನ್ನೊಂದು ಕೈ ಬಿದ್ದಿರುತ್ತದೆ. ಹೊಸದಾಗಿ ಬಂದವರು ಇದನ್ನು ನೋಡಿ ಹುಚ್ಚು ಎನ್ನುತ್ತಿದ್ದರು. ನಾನು ಮುಂದೆ ಅದೇ ಮಂಡಿಯಲ್ಲಿ ನಲವತ್ತು ವರ್ಷ ಕೂತವಳು, ಹೇಳುತ್ತೇನೆ ಕೇಳಿ: ಹನ್ನೊಂದು ಕೊಟ್ಟು ಹತ್ತು ಎನ್ನಿಸಿಕೊಂಡವನ ಹತ್ತಿರಕ್ಕೇ ಮರುವರ್ಷವೂ ಗಿರಾಕಿ ಬರುವುದು. ಅಮ್ಮನೂ ಮದುವೆಯಾಗಿ ಬಂದು ಇದೇ ಎಣಿಕೆ ಕಲಿತಿದ್ದಳು. ಮನೆಯಲ್ಲಿ ನಿಂಬೆಹಣ್ಣು ಎಣಿಸಿದರೂ ಅವಳ ಬಾಯಲ್ಲಿ ಮೊದಲು ಲಾಭವೇ.

ಗೋಪಣ್ಣನನ್ನು ಕೋಲಾರದ ಹೈಸ್ಕೂಲಿಗೆ ಹಾಕಬೇಕೆಂದು ಹಟ ಹಿಡಿದವಳು ಅಮ್ಮ. ಅವ್ವನಿಗೆ ಅದು ಇಷ್ಟವಿರಲಿಲ್ಲ. ಹುಡುಗನಿಗೆ ಲೆಕ್ಕ ಬರುತ್ತದೆ, ಮಂಡಿಗೆ ಅಷ್ಟು ಸಾಕು ಎಂಬುದು ಅವಳ ವಾದ. ಅವನಿಗೆ ಬರುತ್ತಿದ್ದ ಲೆಕ್ಕ ಮಂಡಿಗೆ ಬೇಕಾದ ಜಾತಿಯದಲ್ಲ ಎಂದು ಅಮ್ಮನಿಗೆ ಹೇಗೋ ಗೊತ್ತಾಗಿತ್ತು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳೇ ಅಲ್ಲ. ಕೊನೆಗೆ ಅವನು ಹೋದ. ಇನ್ನಿಬ್ಬರು ಹುಡುಗರ ಜೊತೆ ಒಂದು ಕೋಣೆ, ಕೈಯಡುಗೆ. ತಿಂಗಳಿಗೊಮ್ಮೆ ಇಲ್ಲಿಂದ ರಾಗಿಹಿಟ್ಟು, ಹುರುಳಿ ಹೋಗುತ್ತಿತ್ತು. ಅಳೆದು ಕಟ್ಟುವವಳು ಅವ್ವ, ಏಕೆಂದರೆ ಉಗ್ರಾಣದ ಬೀಗದಕೈ ಅವಳ ಸೊಂಟದಲ್ಲಿತ್ತು. ಮೂರನೆಯ ವರ್ಷ, ಯುದ್ಧದ ಕಾಲ, ಬಸ್ಸುಗಳೆಲ್ಲ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದಾಗ, ಅಂಥ ಒಂದು ಬಸ್ಸಿನಿಂದ ಇಳಿದು ಅವನು ಮನೆಗೆ ಬಂದ. ಹೊಗೆ ಕುಡಿದು ಕೆಮ್ಮುತ್ತಿದ್ದಾನೆ ಎಂದುಕೊಂಡೆವು. ವಾರವಾದರೂ ಕೆಮ್ಮು ಇಳಿಯಲಿಲ್ಲ. ಟವಲಿನಲ್ಲಿ ರಕ್ತ ನೋಡಿದ ಮೇಲೆ ಅಪ್ಪ ಅವನನ್ನು ಮತ್ತೆ ಕೋಲಾರಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ. ಆ ಕಾಯಿಲೆಗೆ ಆಗ ಮದ್ದು ಇರಲಿಲ್ಲ. ಹಾಲು, ಮೊಟ್ಟೆ, ಒಣದ್ರಾಕ್ಷಿ, ಬಿಸಿಲು, ಬೇರೆ ಕೋಣೆ: ಇಷ್ಟನ್ನು ಬರೆದುಕೊಟ್ಟು ಕಳಿಸಿದರು.

ಬೇರೆ ಕೋಣೆ ಎಂದರೆ ನಮ್ಮಲ್ಲಿ ಒಂದೇ. ಹಣ್ಣಿನ ಕಾಲ ಮುಗಿದಿತ್ತು. ಹುಲ್ಲನ್ನು ಎಳೆದು ಹಾಕಿ, ಸಗಣಿ ಸಾರಿಸಿ, ಹಗ್ಗದ ಮಂಚ ಹಾಕಿದರು. ಎಷ್ಟು ಸಾರಿಸಿದರೂ ಮಾವಿನ ವಾಸನೆ ಗೋಡೆ ಬಿಟ್ಟು ಹೋಗಲಿಲ್ಲ. ನನಗೆ ಹೊಸಿಲು ದಾಟಬಾರದೆಂದು ಕಟ್ಟಪ್ಪಣೆ. ನಾನು ಹೊಸಿಲಿನ ಈಚೆ ಕೂತು ಮಾತಾಡಿಸುತ್ತಿದ್ದೆ. ಮೊದಲ ದಿನವೇ ಅವನು ಬೆಳಕಿಂಡಿ ನೋಡುತ್ತ ಹೇಳಿದ:

“ನನ್ನೂ ಹಣ್ಣು ಮಾಡೋಕೆ ಹಾಕವ್ರೆ ನೋಡೇ ಸುಬ್ಬಿ. ದಿನಾ ಬಂದು ಒತ್ತಿ ನೋಡ್ತಾ ಇರು, ಮೆತ್ತಗಾದ್ನೋ ಇಲ್ವೋ ಅಂತ.”

ಒಳಗೆ ಅಮ್ಮನಿಗೂ ಅವ್ವನಿಗೂ ಜಗಳ ಹತ್ತಿಕೊಂಡಿತ್ತು. ಓದು ಓದು ಎಂದು ಮಗನ ಎದೆ ಒಣಗಿಸಿದೆ ಎಂದು ಅವ್ವ. ಹಿಟ್ಟು ಕಳಿಸಿ ಎಂದರೆ ಸೇರನ್ನು ಹೆಬ್ಬೆರಳು ಒಳಗಿಟ್ಟು ಅಳೆದವರು ಯಾರು ಎಂದು ಅಮ್ಮ. ಈ ಎರಡು ಮಾತು ಬೇರೆ ಬೇರೆ ಬಟ್ಟೆ ತೊಟ್ಟು ದಿನಕ್ಕೆ ನಾಲ್ಕು ಸಲ ಬರುತ್ತಿದ್ದವು. ಅವ್ವ ಮುಳಬಾಗಿಲ ಕಡೆಯವಳು, ಸಿಟ್ಟು ಬಂದರೆ ಬಾಯಿ ಪೂರ್ತಿ ತೆಲುಗಿಗೆ ತಿರುಗುತ್ತಿತ್ತು. ಅಮ್ಮನಿಗೆ ಸಿಟ್ಟು ಬಂದರೆ ಮಾತೇ ನಿಂತು ಪಾತ್ರೆ ಸದ್ದು ಮಾಡುತ್ತಿದ್ದವು. ಅಪ್ಪ ಜಗುಲಿಯಿಂದ ಒಳಗೆ ಬರುವುದನ್ನೇ ಬಿಟ್ಟ. ಜಗಳದ ಮನೆಯಲ್ಲಿ ಗಂಡಸು ಜಗುಲಿ ಸೇರಿಕೊಂಡರೆ ಅದು ಶಾಂತಿಯಲ್ಲ, ತಲೆ ತಪ್ಪಿಸಿಕೊಳ್ಳುವುದು. ನನ್ನ ಗಂಡನಿಗೆ ಈ ಮಾತು ಹೇಳಿಯೇ ನಾನು ಸಂಸಾರ ಶುರು ಮಾಡಿದ್ದು.

ಎದುರುಮನೆಯಲ್ಲಿ ಪುರೋಹಿತರ ಹೆಂಡತಿ ವೆಂಕಮ್ಮನವರು ಇದ್ದರು. ಅಮ್ಮ ಅತ್ತದ್ದನ್ನು ನೋಡಿ ಅವರು ಲಕ್ಷಬತ್ತಿಯ ಹರಕೆ ಹೇಳಿಕೊಟ್ಟರು. ಅದು ಒಕ್ಕಲು ಮನೆಗಳಲ್ಲಿ ಅಷ್ಟಾಗಿ ಇದ್ದದ್ದಲ್ಲ. ಮನೆಯ ಹೆಂಗಸರು ಅರಳೆಯಲ್ಲಿ ಒಂದೊಂದೇ ಬತ್ತಿ ಹೊಸೆಯಬೇಕು, ಲಕ್ಷ ತುಂಬಿಸಬೇಕು, ಕಾರ್ತಿಕದಲ್ಲಿ ತುಪ್ಪದಲ್ಲಿ ನೆನೆಸಿ ದೇವರ ಮುಂದೆ ಉರಿಸಬೇಕು. ಲಕ್ಷ ಎಂದರೆ ಬರೀ ಲಕ್ಷವಲ್ಲ. ಸೊನ್ನೆಯಲ್ಲಿ ಮುಗಿಸಬಾರದು, ಸೊನ್ನೆ ಎಂದರೆ ಬರಿದು. ಮೇಲೊಂದು ಸೇರಿಸಬೇಕು. ಲಕ್ಷದ ಮೇಲೊಂದು. ಒಂದೂ ಹೆಚ್ಚಾಗಬಾರದು, ಒಂದೂ ಕಡಿಮೆಯಾಗಬಾರದು. ಕಡಿಮೆಯಾದರೆ ಏನಾಗುತ್ತದೆ ಎಂದು ಅಮ್ಮ ಕೇಳಿದಳು. ವೆಂಕಮ್ಮನವರು ಹಾಗೆಲ್ಲ ಕೇಳಬಾರದು ಕಣಮ್ಮ ಎಂದರು. ಅಮ್ಮನಿಗೆ ಅಷ್ಟೇ ಸಾಕಾಯಿತು. ಆ ಸಂಖ್ಯೆ ಪೂರ್ತಿಯಾದರೆ ಗೋಪಣ್ಣ ಉಳಿಯುತ್ತಾನೆ, ಆಗದಿದ್ದರೆ ಇಲ್ಲ. ನಮ್ಮ ಮನೆಯಲ್ಲಿ ಅವತ್ತಿನಿಂದ ಎಲ್ಲರೂ ಹಾಗೆಯೇ ನಂಬಿದೆವು. ಅವ್ವ ಕೂಡ. ಸೊಸೆಯ ಜೊತೆ ಮಾತು ಬಿಟ್ಟಿದ್ದರೂ ಮರುದಿನ ಬೆಳಿಗ್ಗೆ ಅರಳೆಯ ಬುಟ್ಟಿ ಎಳೆದುಕೊಂಡು ಮೊದಲು ಕೂತವಳು ಅವಳೇ.

ನಾನು ಓಡಿ ಹೋಗಿ ಗೋಪಣ್ಣನಿಗೆ ವರದಿ ಒಪ್ಪಿಸಿದೆ. ತನಗಾಗಿ ಹರಕೆ ಎಂದು ಕೇಳಿ ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಎಷ್ಟು ಎಂದು ಕೇಳಿದ ಮೇಲೆ ಮಾತ್ರ ಎದ್ದು ಕೂತ. ಬೆರಳಿನಿಂದ ಗೋಡೆಯ ಮೇಲೆ ೧೦೦೦೦೧ ಎಂದು ಬರೆದ ಹಾಗೆ ಮಾಡಿದ. ಮುಂದಿನಿಂದ ಓದಿದರೂ ಅದೇ, ಹಿಂದಿನಿಂದ ಓದಿದರೂ ಅದೇ ಎಂದ. ಆಮೇಲೆ ಅವನು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಸಂಖ್ಯೆಗಳಲ್ಲೂ ಮನೆತನಗಳಿವೆಯಂತೆ. ಲಕ್ಷ ನೋಡುವುದಕ್ಕೆ ದೊಡ್ಡದು, ಆದರೆ ಅದರ ಹೊಟ್ಟೆಯಲ್ಲಿ ಇರುವುದು ಬರೀ ಎರಡು ಮತ್ತು ಐದು, ಐದೈದು ಸಲ. ಮೂರು ಜನಕ್ಕೆ ಸಮನಾಗಿ ಹಂಚು ಎಂದರೆ ಲಕ್ಷದ ಕೈಯಲ್ಲಿ ಆಗುವುದಿಲ್ಲ. ಅದರ ಮೇಲೆ ಒಂದೇ ಒಂದು ಇಟ್ಟರೆ ಸಾಕು, ಎರಡೂ ಹೋಯಿತು, ಐದೂ ಹೋಯಿತು. ಪಕ್ಕದ ಮನೆಯಾದರೂ ಇವರ ನೆಂಟರು ಯಾರೂ ಅವರ ನೆಂಟರಲ್ಲ. ಹಾಗಾದರೆ ಈ ಹೊಸದನ್ನು ಶೇಷವಿಲ್ಲದೆ ಭಾಗಿಸುವ ನೆಂಟರು ಯಾರು? ಅವನು ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತ. ಒಂದು ಬಿಟ್ಟು ಒಂದು ಅಂಕಿ ಕೂಡು, ಉಳಿದವನ್ನೂ ಕೂಡು, ಎರಡು ಮೊತ್ತವೂ ಸಮವಾದರೆ ಹನ್ನೊಂದು ಒಳಗೆ ಕೂತಿದೆ ಎಂದು ಅರ್ಥ ಎಂದ. ಈ ಕಡೆ ಒಂದು, ಆ ಕಡೆ ಒಂದು. ಸಮ.

“ಹನ್ನೊಂದು ಕಣೇ. ಹನ್ನೊಂದರ ಕಟ್ಟು, ಒಂಬತ್ತು ಸಾವಿರದ ತೊಂಬತ್ತೊಂದು ಕಟ್ಟು. ಒಂದೂ ಮಿಗಲ್ಲ. ಅಪ್ಪನ ಮಂಡಿ ಲೆಕ್ಕ ನೋಡು ಇದು, ಹತ್ತು, ಮೇಲೊಂದು ಲಾಭ. ದೇವ್ರು ನಮ್ಮ ಮಂಡಿಲೇ ಲೆಕ್ಕ ಕಲ್ತವ್ನೆ.”

ಅವತ್ತಿನಿಂದ ಅದೇ ಪದ್ಧತಿಯಾಯಿತು. ಹತ್ತು ಬತ್ತಿ, ಮೇಲೊಂದು ಲಾಭ, ದಾರದಲ್ಲಿ ಒಂದು ಕಟ್ಟು. ಅಮ್ಮನದೂ ನನ್ನದೂ ಒಂದು ಬುಟ್ಟಿ, ಅವ್ವನದು ಬೇರೆ ಬುಟ್ಟಿ. ಸೊಸೆಯ ಬುಟ್ಟಿಗೆ ತನ್ನ ಬತ್ತಿ ಬೀಳಬಾರದೆಂದು ಅವಳ ಪಣ. ನೂರು ಕಟ್ಟು ಆದಾಗ ನಾನು ಪಡಸಾಲೆಯ ಗೋಡೆಗೆ ಒಂದು ಮಸಿಗೀಟು ಎಳೆಯುತ್ತಿದ್ದೆ. ಬೆಳಗಿನ ಮುದ್ದೆ ತೊಳಸಿ ಇಳಿಸಿದ ಮೇಲೆ ಕೂತರೆ, ಮಧ್ಯಾಹ್ನ ಊಟಕ್ಕೆ ಎದ್ದು, ಮತ್ತೆ ದೀಪ ಹಚ್ಚುವ ಹೊತ್ತಿನವರೆಗೆ. ಬೆರಳ ತುದಿಗೆ ಬೂದಿ ಮುಟ್ಟಿಸಿಕೊಂಡು ಹೊಸೆದು ಹೊಸೆದು ಅವ್ವನ ಹೆಬ್ಬೆರಳು ಸೀಳಿತು. ಅದಕ್ಕೆ ಬಟ್ಟೆ ಸುತ್ತಿಕೊಂಡು ಹೊಸೆದಳು. ಅಮ್ಮ ಅದನ್ನು ನೋಡಿದಳು. ಮರುದಿನ ಅವ್ವನ ಪಕ್ಕದಲ್ಲಿ ಬೆಣ್ಣೆಯ ಬಟ್ಟಲು ಇತ್ತು.

ಗೋಪಣ್ಣನಿಗೆ ಹನ್ನೊಂದು ಸಿಕ್ಕಿದ್ದು ಸಾಲಲಿಲ್ಲ. ಆ ಒಂಬತ್ತು ಸಾವಿರದ ತೊಂಬತ್ತೊಂದು ಯಾರು ಎಂದು ಅವನಿಗೆ ತಿಳಿಯಬೇಕಿತ್ತು. ಅದನ್ನೂ ಒಡೆಯಬಹುದೋ, ಅಥವಾ ಅದು ಯಾರಿಗೂ ಬಗ್ಗದ ಒಂಟಿಯೋ. ಅಂಥದಕ್ಕೆ ಅವಿಭಾಜ್ಯ ಎನ್ನುತ್ತಾರೆ ಎಂದು ಹೇಳಿಕೊಟ್ಟ. ಸ್ಲೇಟು ಹಿಡಿದು ಭಾಗಿಸುವಷ್ಟು ಶಕ್ತಿ ಅವನಿಗೆ ಇರಲಿಲ್ಲ. ನೀನು ಮಾಡಿಕೊಡು ಎಂದ. ನಾನು ನಾಲ್ಕನೇ ಕ್ಲಾಸಿನವಳು, ಹತ್ತು ವರ್ಷ. ನನಗೇನು ಸಿಗುತ್ತದೆ ಎಂದು ಕೇಳಿದೆ. ಒಂದು ಭಾಗಾಕಾರಕ್ಕೆ ಒಂದು ಒಣದ್ರಾಕ್ಷಿ ಎಂದ. ನಾನು ಮೂರು ಕೇಳಿದೆ. ಎರಡಕ್ಕೆ ಕುದುರಿತು. ನನ್ನ ಜೀವನದ ಮೊದಲ ವ್ಯಾಪಾರ ಅದು, ಡಾಕ್ಟರು ಬರೆದುಕೊಟ್ಟ ದ್ರಾಕ್ಷಿಗೆ. ಅವನು ಅದನ್ನು ತಟ್ಟೆಯಿಂದ ತೆಗೆದು ಹೊಸಿಲಿಗೆ ಉರುಳಿಸುತ್ತಿದ್ದ, ನಾನು ಲಂಗದಲ್ಲಿ ಒರೆಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಹೆಚ್ಚು ಬೆಲೆ ಕೇಳಿ ಕಡಿಮೆಗೆ ಒಪ್ಪು ಎಂದು ಈಗ ಎಲ್ಲರಿಗೂ ಉಪದೇಶ ಮಾಡುತ್ತೇನೆ. ಅದನ್ನು ಯಾರ ತಟ್ಟೆಯಿಂದ ಕಲಿತೆ ಎಂದು ಯಾರಿಗೂ ಹೇಳಿರಲಿಲ್ಲ.

ಎಷ್ಟು ಸಂಖ್ಯೆಗಳಿಂದ ಭಾಗಿಸಬೇಕು? ಒಂಬತ್ತು ಸಾವಿರದವರೆಗೂ ಮಾಡಿಸುತ್ತಾನೇನೋ ಎಂದು ನಾನು ಲೆಕ್ಕ ಹಾಕಿ ಸಂತೋಷಪಟ್ಟಿದ್ದೆ. ಅವನು ಇಪ್ಪತ್ತೊಂದೇ ಸಾಕು ಎಂದುಬಿಟ್ಟ. ಏಳರಿಂದ ಶುರುಮಾಡಿ ಎಂಬತ್ತೊಂಬತ್ತಕ್ಕೆ ಮುಗಿಸಿದರೆ ಆಯಿತು, ಅದೂ ಒಂಟಿ ಸಂಖ್ಯೆಗಳಿಂದ ಮಾತ್ರ. ಏಳೇ ಸೋತ ಮೇಲೆ ಹದಿನಾಲ್ಕು ಎಲ್ಲಿ ಗೆಲ್ಲುತ್ತದೆ? ಇನ್ನು ಮೇಲಿನವು ಯಾಕೆ ಬೇಡವೆಂದರೆ:

“ಭಾಗಿಸೋರು ಯಾವತ್ತೂ ಜೋಡಿಲೇ ಬರೋದು ಕಣೇ. ಜೋಡಿಲಿ ಇಬ್ರೂ ತೊಂಬತ್ತೈದು ದಾಟಿದ್ರೆ ಗುಣಿಸಿದಾಗ ಇದಕ್ಕಿಂತ ದೊಡ್ಡದಾಗೋಗುತ್ತೆ. ಅದಕ್ಕೇ ಒಬ್ಬನಾದ್ರೂ ಸಣ್ಣೋನು ಇರ್ಲೇಬೇಕು. ಸಣ್ಣೋರನ್ನೆಲ್ಲ ಕೇಳ್ಬಿಟ್ರೆ ಮುಗೀತು.”

ಇದನ್ನು ನಾನು ವ್ಯಾಪಾರದಲ್ಲಿ ಬಹಳ ಸಲ ಉಪಯೋಗಿಸಿದ್ದೇನೆ. ಇಬ್ಬರು ಪಾಲುದಾರರು ತೋಪು ನೋಡಲು ಬಂದರೆ ಮಾತಾಡುವವನನ್ನು ಬಿಟ್ಟು ಸುಮ್ಮನಿರುವ ಸಣ್ಣವನನ್ನು ನೋಡಬೇಕು. ಬೆಲೆ ಅವನ ಮುಖದಲ್ಲಿರುತ್ತದೆ.

ದಿನಕ್ಕೆ ಒಂದೋ ಎರಡೋ ಭಾಗಾಕಾರ. ಏಳಕ್ಕೆ ಐದು ಉಳಿಯಿತು. ಹದಿಮೂರಕ್ಕೆ ನಾಲ್ಕು. ಇಪ್ಪತ್ತಮೂರಕ್ಕೆ ಆರು. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ, ಶೇಷ ಹೇಳಿದ ಕೂಡಲೇ ಸಣ್ಣಗೆ ತಲೆಯಾಡಿಸುತ್ತಿದ್ದ. ಅರವತ್ತೊಂದಕ್ಕೆ ಬರೀ ಎರಡು ಉಳಿದಾಗ ಇನ್ನೊಂದು ಸಲ ಮಾಡಿ ನೋಡು ಎಂದ. ಅರವತ್ತೇಳರ ದಿನ ನನಗೆ ಬೇಸರವಾಗಿ ಭಾಗಿಸದೆಯೇ ಎಪ್ಪತ್ತು ಉಳಿಯಿತು ಎಂದೆ. ಅವನು ಕೆಮ್ಮು ಬರುವಷ್ಟು ನಕ್ಕ. ಭಾಗಿಸುವವನಿಗಿಂತ ಉಳಿದದ್ದು ದೊಡ್ಡದಾಯಿತಾ, ಸುಳ್ಳು ಹೇಳುವುದಾದರೆ ಅರವತ್ತಾರರೊಳಗೆ ಹೇಳು ಎಂದ. ಇನ್ನು ಕೆಲವು ದಿನ ಅವನಿಗೆ ಬೇರೆ ಆಟ. ಆ ಬತ್ತಿಗಳನ್ನೆಲ್ಲ ಚೌಕಾಕಾರವಾಗಿ ಜೋಡಿಸಿದರೆ ಹೇಗೆ ಎಂದು ಬಾಯಿಲೆಕ್ಕದಲ್ಲೇ ಹುಡುಕಿದ. ಮುನ್ನೂರ ಹದಿನಾರು ಸಾಲು, ಸಾಲಿಗೆ ಮುನ್ನೂರ ಹದಿನಾರು. ನೂರ ನಲವತ್ತೈದು ಮಿಗುತ್ತದೆ. ಆ ಮಿಕ್ಕದ್ದರಲ್ಲಿ ಹನ್ನೆರಡು ಹನ್ನೆರಡರ ಇನ್ನೊಂದು ಸಣ್ಣ ಚೌಕ. ಆಮೇಲೂ ಒಂದು ಬತ್ತಿ ಹೊರಗೇ ಉಳಿಯುತ್ತದೆ. ಎರಡೇ ಚೌಕದಲ್ಲಿ ಪೂರ್ತಿ ಕೂರುವ ಜಾತಿಯಲ್ಲ ಇದು, ಹನ್ನೊಂದು ಒಂದೇ ಸಲ ಇರುವುದರಿಂದ ಆಗುವುದಿಲ್ಲ ಎಂದ. ಅದು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ.

ಎಂಬತ್ತೊಂಬತ್ತಕ್ಕೆ ಹದಿಮೂರು ಉಳಿಯಿತು. ಯಾರೂ ಒಡೆಯಲಿಲ್ಲ. ಒಂಬತ್ತು ಸಾವಿರದ ತೊಂಬತ್ತೊಂದು ಒಂಟಿ. ಲಕ್ಷದ ಮೇಲೊಂದಕ್ಕೆ ಇಬ್ಬರೇ ನೆಂಟರು, ಒಬ್ಬ ತೀರ ಸಣ್ಣೋನು, ಒಬ್ಬ ತೀರ ದೊಡ್ಡೋನು. ಅವತ್ತು ಗೋಪಣ್ಣನಿಗೆ ಆದ ಸಂತೋಷವನ್ನು ನಾನು ಆಮೇಲೆ ಯಾರ ಮುಖದಲ್ಲೂ ನೋಡಿಲ್ಲ, ದೊಡ್ಡ ದೊಡ್ಡ ತೋಪುಗಳನ್ನು ಹಿಡಿದವರ ಮುಖದಲ್ಲೂ. ಆಶ್ವಯುಜ ಬಂದಿತ್ತು. ಅವನ ಕೆನ್ನೆಯ ಮೂಳೆ ಎದ್ದಿತ್ತು. ನಲವತ್ತೆರಡು ದ್ರಾಕ್ಷಿ ನನಗೆ ಸಂದಿತ್ತು.

ಕಾರ್ತಿಕದ ಹುಣ್ಣಿಮೆಗೆ ಉರಿಸುವುದೆಂದು ಗೊತ್ತಾಯಿತು. ಅದಕ್ಕೆ ಎಂಟು ದಿನ ಮುಂಚೆ ಗೋಡೆಯ ಮೇಲೆ ತೊಂಬತ್ತು ಗೀಟು ತುಂಬಿ, ಮೇಲಿನ ತೊಂಬತ್ತೊಂದು ಕಟ್ಟೂ ಮುಗಿಯಿತು. ನಮ್ಮ ಬುಟ್ಟಿಗಳಲ್ಲಿ ಆರು ಸಾವಿರ ಕಟ್ಟು, ಅವ್ವನ ಬುಟ್ಟಿಗಳಲ್ಲಿ ಮೂರು ಸಾವಿರದ ತೊಂಬತ್ತೊಂದು. ಅಮ್ಮ ಗೋಡೆಗೆ ಕೈ ಮುಗಿದಳು. ತುಪ್ಪಕ್ಕೆ ಹಾಕುವ ಮೊದಲು ಬಿಸಿಲಿಗೆ ಹರಡು ಎಂದು ನನಗೆ ಹೇಳಿದಳು. ಹಿತ್ತಲಲ್ಲಿ ಚಾಪೆಯ ಮೇಲೆ ಹರಡುವಾಗ ಅವ್ವನ ಒಂದು ಕಟ್ಟಿನ ದಾರ ಬಿಚ್ಚಿಕೊಂಡಿತು. ಮತ್ತೆ ಕಟ್ಟಲು ಎಣಿಸಿದರೆ ಹತ್ತು. ಒಂದು ಎಲ್ಲೋ ಬಿದ್ದಿರಬೇಕೆಂದು ಚಾಪೆಯೆಲ್ಲ ಹುಡುಕಿದೆ. ಇನ್ನೊಂದು ಕಟ್ಟು ಬಿಚ್ಚಿದೆ. ಹತ್ತು. ಬೇರೆ ಬುಟ್ಟಿಯಿಂದ ತೆಗೆದು ನೋಡಿದೆ, ಹತ್ತೇ. ಸುಮಾರು ಹನ್ನೆರಡು ಕಟ್ಟು ಬಿಚ್ಚಿ ಕಟ್ಟಿದೆ. ನಾನು ವ್ಯಾಪಾರಿಯ ಮಗಳು. ಒಳಗೆ ಹೋಗಿ ಅವ್ವನ ಮುಂದೆ ಒಂದು ಹಿಡಿ ಹುಣಸೆಬೀಜ ಸುರಿದು, ನೀನು ಬತ್ತಿ ಹೇಗೆ ಎಣಿಸುತ್ತಿದ್ದೆ, ತೋರಿಸವ್ವ ಎಂದೆ.

“ಹೆಂಗಂದ್ರೆ? ನಮ್ಮಪ್ಪ ರಾಗಿ ಅಳೆದಂಗೇನೇ,” ಎಂದು ಅವಳು ಬೀಜ ಎತ್ತಿ ಹಾಕಿದಳು. “ಲಾಭಂ, ರೆಂಡು, ಮೂಡು, ನಾಲುಗು…”

ಅವಳ ತೌರಿನಲ್ಲಿ ಕಾಳು ಅಳೆಯುವ ಪದ್ಧತಿ ಅದು. ಮೊದಲ ಸೇರಿನ ಹೆಸರೇ ಲಾಭ, ಎರಡನೆಯದು ಎರಡು. ಲಾಭ ಲೆಕ್ಕದೊಳಗೇ ಇರುತ್ತದೆ. ಮಂಡಿಯಲ್ಲಿ ಅದು ಲೆಕ್ಕದ ಹೊರಗೆ. ಅವಳು ಎಂದೂ ಮಂಡಿಗೆ ಬಂದವಳಲ್ಲ. ಲಾಭ ಎಂದು ಶುರುಮಾಡಿ ಹತ್ತಕ್ಕೆ ಮುಗಿಸು ಎಂದಾಗ ಹೇಳಿದ ಹಾಗೇ ಮಾಡಿದ್ದಳು. ಮೂರು ಸಾವಿರದ ತೊಂಬತ್ತೊಂದು ಕಟ್ಟಿನಲ್ಲೂ ಒಂದೊಂದು ಕಡಿಮೆ. ಇಬ್ಬರ ಜೊತೆ ವ್ಯವಹಾರಕ್ಕೆ ಕೂತಾಗ ನಾನು ಎಷ್ಟು ಎಂದು ಆಮೇಲೆ ಕೇಳುತ್ತೇನೆ, ಎಲ್ಲಿಂದ ಎಣಿಸುತ್ತೀರಿ ಎಂದು ಮೊದಲು ಕೇಳುತ್ತೇನೆ. ಅವತ್ತು ಅದನ್ನು ಯಾರೂ ಕೇಳಿರಲಿಲ್ಲ, ಗೋಪಣ್ಣ ಕೂಡ.

ಅವನ ಹತ್ತಿರವೇ ಓಡಿದೆ. ಹೊಸಿಲು ದಾಟಿ ಮಂಚದ ಪಕ್ಕಕ್ಕೇ ಹೋದೆ. ಕೇಳಿಸಿಕೊಂಡು ಅವನು ಬಹಳ ಹೊತ್ತು ಮೇಲೆ ನೋಡುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಎಷ್ಟಾಯಿತು ಎಂದು ಅವನೇ ಹೇಳಿದ: ತೊಂಬತ್ತಾರು ಸಾವಿರದ ಒಂಬೈನೂರ ಹತ್ತು. ಸೊನ್ನೆಯಲ್ಲಿ ಮುಗಿದಿತ್ತು. ನಾನು ಅಳಲು ಶುರುಮಾಡಿದೆ. ಅವನು ಅಂಕಿಗಳನ್ನು ಬೆರಳಲ್ಲಿ ಕೂಡಿಸುತ್ತಿದ್ದ. ಒಂದು ಬಿಟ್ಟು ಒಂದು ಹದಿನೆಂಟು, ಉಳಿದವು ಏಳು, ಕಳೆದರೆ ಹನ್ನೊಂದು; ಸಮವಾಗದಿದ್ದರೂ ವ್ಯತ್ಯಾಸ ಹನ್ನೊಂದಾದರೆ ಸಾಕಂತೆ.

“ಅಳಬೇಡ್ವೇ. ಹನ್ನೊಂದು ಹೋಗಿಲ್ಲ ನೋಡು, ಇದರಲ್ಲೂ ಐತೆ. ಅವ್ವ ತಪ್ಪಿದ್ರೂ ಅದನ್ನ ಬಿಟ್ಟಿಲ್ಲ.”

ಎಂಟು ದಿನ ಇದೆ, ಕಮ್ಮಿ ಇರುವುದನ್ನು ಮೂವರೂ ಕೂತು ಹೊಸೆದುಬಿಡೋಣ, ಅಮ್ಮನಿಗೆ ಹೇಳುತ್ತೇನೆ ಎಂದೆ. ಅವನು ನನ್ನ ಕೈ ಹಿಡಿದುಕೊಂಡ. ಆ ಕೈ ಸುಡುತ್ತಿತ್ತು. ಹಿಟ್ಟಿನ ಸೇರಿನ ಮಾತನ್ನೇ ಇನ್ನೂ ಬಿಡದ ಅಮ್ಮ ಇದನ್ನು ಬಿಡುತ್ತಾಳಾ ಎಂದು ಕೇಳಿದ. ತನಗೇನಾದರೂ ಆದರೆ ಅವ್ವ ಈ ಮನೆಯಲ್ಲಿ ಹೇಗೆ ಊಟ ಮಾಡಬೇಕು ಎಂದು ಕೇಳಿದ. ಹಾಗಾದರೆ ನಿನ್ನ ಕಾಯಿಲೆ ಎಂದೆ.

“ಆ ಸಂಖ್ಯೆಗೆ ನಾನ್ಯಾರು ಅಂತ ಗೊತ್ತಿಲ್ಲ ಸುಬ್ಬಿ. ಅದು ಯಾರು ಅಂತ ನಂಗೆ ಗೊತ್ತು, ಅಷ್ಟೇ. ನೀನು ಯಾರಿಗೂ ಹೇಳ್ಕೂಡ್ದು.”

ನಾನು ಏನು ಮಾಡಿದೆ ಎಂದು ಬರೆಯುವುದಕ್ಕೆ ಇಷ್ಟು ವಯಸ್ಸಾಗಬೇಕಾಯಿತು. ಹೇಳದೆ ಇದ್ದರೆ ಏನು ಕೊಡುತ್ತೀಯ ಎಂದೆ. ಅವನು ಹಾಸಿಗೆಯ ಬದಿಯಿಂದ ದ್ರಾಕ್ಷಿಯ ಪೊಟ್ಟಣವನ್ನು ಪೂರ್ತಿ ಎತ್ತಿ ಕೊಟ್ಟ. ತೆಗೆದುಕೊಂಡೆ.

ಹುಣ್ಣಿಮೆಯ ಸಂಜೆ ದೇವಸ್ಥಾನದ ಅಂಗಳದಲ್ಲಿ ದೊಡ್ಡ ಬಾಣಲೆಗಳಲ್ಲಿ ಬತ್ತಿ ಉರಿದವು. ತುಪ್ಪ ಸಿಗದ ಕಾಲ; ಅಪ್ಪ ಮಾಲೂರಿನವರೆಗೂ ಹೋಗಿ ಹೊಂದಿಸಿ ತಂದಿದ್ದ. ಅಮ್ಮನೂ ಅವ್ವನೂ ತಿಂಗಳುಗಳಾದ ಮೇಲೆ ಅಕ್ಕಪಕ್ಕ ನಿಂತರು. ಉರಿಯ ಬಿಸಿಗೆ ಅವ್ವ ಹಿಂದೆ ಸರಿದಾಗ ಅಮ್ಮ ಅವಳ ತೋಳು ಹಿಡಿದಳು. ನಾನು ಬೆಂಕಿಯನ್ನು ನೋಡುತ್ತ, ಇನ್ನು ಯಾರೂ ಎಣಿಸುವುದಕ್ಕೆ ಆಗುವುದಿಲ್ಲ ಎಂದುಕೊಂಡೆ. ಮುಂದಿನ ಹದಿನೈದು ದಿನ ಮನೆಯಲ್ಲಿ ಜಗಳವಿರಲಿಲ್ಲ. ಅಮ್ಮ ಮಾಡಿದ ಸಾರಿಗೆ ಉಪ್ಪು ಸರಿಯಾಗಿದೆ ಎಂದು ಅವ್ವ ಬಾಯಿಬಿಟ್ಟು ಹೇಳಿದಳು. ಗೋಪಣ್ಣ ಎರಡು ದಿನ ಜಗುಲಿಯವರೆಗೆ ನಡೆದು ಬಂದು ಬಿಸಿಲಲ್ಲಿ ಕೂತ. ಅಮ್ಮನ ಮುಖ ಅರಳಿತು. ಮಾರ್ಗಶಿರದ ಮೊದಲ ವಾರ, ಬೆಳಿಗ್ಗೆ ಹಾಲು ತೆಗೆದುಕೊಂಡು ಹೋದವಳು ಅವಳೇ. ಲೋಟ ಬಿದ್ದ ಸದ್ದು ನಮಗೆ ಹಿತ್ತಲಿಗೆ ಕೇಳಿಸಿತು.

ಕರ್ಮವೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಮಧ್ಯಾಹ್ನ. ಅವರೆಕಾಯಿಯ ಕಾಲ ಶುರುವಾಗಿತ್ತು. ಪಡಸಾಲೆಯಲ್ಲಿ ಅವ್ವನೂ ನಾನೂ ಅವರೆ ಸುಲಿಯುತ್ತಿದ್ದೆವು. ಅವ್ವನ ಹೆಬ್ಬೆರಳು ಇನ್ನೂ ಮಾಗಿರಲಿಲ್ಲ, ಹಲ್ಲಿನಿಂದ ಸಿಪ್ಪೆ ಬಿಡಿಸಿ ಕಾಳು ಉದುರಿಸುತ್ತಿದ್ದಳು. ಅಮ್ಮ ಕಂಬಕ್ಕೆ ಒರಗಿಕೊಂಡಿದ್ದಳು. ಅಷ್ಟು ದಿನದಿಂದ ಅವಳು ಯಾರ ಜೊತೆಯೂ ಮಾತಾಡಿರಲಿಲ್ಲ. ಗೋಡೆಯ ಗೀಟುಗಳನ್ನು ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು.

“ಸುಬ್ಬಿ, ಆ ಲೆಕ್ಕ ಸರಿಯಾಗಿತ್ತಾ?”

ಅವ್ವನ ಕೈ ನಿಂತಿತು. ಅವಳಿಗೇನೂ ಗೊತ್ತಿರಲಿಲ್ಲ, ಮೊಮ್ಮಗನ ಹೆಸರು ಬಂದಂತಾಗಿ ನಿಂತಿತ್ತು ಅಷ್ಟೆ. ಇನ್ನೂ ಸುಲಿಯದ ಒಂದು ಕಾಯಿ ಅವಳ ಹಲ್ಲಿನ ನಡುವೆ ಹಾಗೇ ಇತ್ತು. ನಾನು ಅವಳನ್ನು ನೋಡಿದೆ, ಅಮ್ಮನನ್ನು ನೋಡಿದೆ.

“ಸರಿಯಾಗಿತ್ತಮ್ಮ.”

“ಒಂದೂ ಕಮ್ಮಿ ಇರ್ಲಿಲ್ವಾ? ನೋಡ್ಕೊಂಡು ಹೇಳು.”

“ಇರ್ಲಿಲ್ಲ.”

ಅಮ್ಮ ಮತ್ತೆ ಗೋಡೆಯ ಕಡೆ ತಿರುಗಿದಳು.

“ಕಮ್ಮಿ ಇದ್ದಿದ್ರೆ ಚೆನ್ನಾಗಿತ್ತು,” ಎಂದಳು.

ಅವಳಿಗೆ ಬೇಕಾಗಿದ್ದದ್ದು ಒಂದು ಕಾರಣ. ಅದು ನನ್ನ ಹತ್ತಿರ ಇತ್ತು, ಅಂಕಿ ಸಮೇತ ಇತ್ತು. ಕೊಟ್ಟಿದ್ದರೆ ಅವಳಿಗೆ ದೇವರು ಉಳಿಯುತ್ತಿದ್ದ, ಅವ್ವ ಉಳಿಯುತ್ತಿರಲಿಲ್ಲ. ಕೊಡದೆ ಅವ್ವನನ್ನು ಉಳಿಸಿದೆ. ಅವ್ವ ಇನ್ನೂ ಒಂಬತ್ತು ವರ್ಷ ಬದುಕಿ, ಕೊನೆಗೆ ಅಮ್ಮನ ಕೈಯಿಂದಲೇ ನೀರು ಕುಡಿದು ಹೋದಳು. ಅಮ್ಮ ಮಾತ್ರ ಅದಾದ ಮೇಲೆ ಯಾವ ದೇವರಿಗೂ ಏನನ್ನೂ ಕೇಳಲಿಲ್ಲ, ನನ್ನ ಹೆರಿಗೆ ಕಷ್ಟವಾದಾಗಲೂ ಕೇಳಲಿಲ್ಲ. ಈ ಎರಡರಲ್ಲಿ ಯಾವುದು ಲೇಸು ಎಂದು ಯಾರಾದರೂ ಬಂದು ಕೇಳಿದರೆ ನನ್ನ ಹತ್ತಿರ ಸಲಹೆ ಇಲ್ಲ.

ಆದರೆ ಮೂರನೆಯ ದಾರಿಯೊಂದು ಇತ್ತು. ನನ್ನ ಕಟ್ಟುಗಳಲ್ಲಿ ಒಂದೊಂದು ಕಮ್ಮಿಯಿತ್ತಮ್ಮ, ನಾನೇ ಬೇಸರವಾಗಿ ಕಮ್ಮಿ ಹಾಕಿದೆ ಎಂದಿದ್ದರೆ ಸಾಕಿತ್ತು. ಅಮ್ಮನಿಗೆ ಕಾರಣ ಸಿಗುತ್ತಿತ್ತು, ಅವ್ವನಿಗೆ ಏನೂ ಆಗುತ್ತಿರಲಿಲ್ಲ. ಹತ್ತು ವರ್ಷದ ಹುಡುಗಿಯನ್ನು ಹೊಡೆಯುತ್ತಿದ್ದಳು, ಅಳುತ್ತಿದ್ದಳು, ಒಂದು ದಿನ ಕ್ಷಮಿಸುತ್ತಿದ್ದಳೋ ಏನೋ. ಇದು ನನಗೆ ಎಷ್ಟೋ ವರ್ಷವಾದ ಮೇಲೆ ಹೊಳೆಯಿತು ಎಂದು ಬರೆದರೆ ಓದುವವರು ಒಪ್ಪಿಯಾರು. ಅದು ಅವತ್ತೇ, ಅಲ್ಲೇ, ಅಮ್ಮ ನನ್ನ ಮುಖ ನೋಡುತ್ತಿರುವಾಗಲೇ ಹೊಳೆದಿತ್ತು. ಬೆಲೆ ಜಾಸ್ತಿ ಅನ್ನಿಸಿತು. ಅಮ್ಮ ಸೆರಗು ಕೊಡವಿಕೊಂಡು ಒಲೆಗೆ ಸೌದೆ ಹಾಕಲು ಎದ್ದು ಹೋದಳು. ನಾನು ಅವ್ವನ ಪಾಲಿನ ಅವರೆಯನ್ನೂ ನನ್ನ ಕಡೆಗೆ ಎಳೆದುಕೊಂಡು ಸುಲಿಯತೊಡಗಿದೆ.